ಮೈಮೇಲೆ ಬಿದ್ದರೆ ನಿನ್ನದು

ನವೆಂಬರ್ 2, 1874
ಅಂಬುದಿವೇಲು, ಮಡಗಾಸ್ಕರ್

ಮರ ಸಿಕ್ಕಿತು. ಹನ್ನೊಂದು ವರ್ಷ ಈ ಕಾಡುಗಳ ಜಿಗಣೆಗಳಿಗೆ ರಕ್ತ ಕೊಟ್ಟು ತಿರುಗಿದ್ದಕ್ಕೆ ಇವತ್ತು ಕಣ್ಣಾರೆ ಕಂಡೆ. ಬೂದು ತೊಗಟೆ, ಎಲೆಯ ಹಿಂಬದಿ ಬೆಳ್ಳಿ ಬಣ್ಣ, ಕೊಂಬೆಗಳ ತುದಿಯಲ್ಲಿ ಗೊಂಚಲು ಗೊಂಚಲು ಮೊಗ್ಗು. ಇಲ್ಲಿಯವರು ಹಾಜುವೂಲ ಅನ್ನುತ್ತಾರೆ, ಬೆಳ್ಳಿಮರ ಅಂತ ಅರ್ಥ. ಮೊದಲ ಕೊಂಬೆಯೇ ನಮ್ಮೂರ ಚರ್ಚಿನ ಗೋಪುರದಷ್ಟು ಎತ್ತರದಲ್ಲಿದೆ.

ನನ್ನನ್ನು ಗಿಡಮರ ಹುಡುಕಲು ಕಳಿಸಿದ ಪ್ಯಾರಿಸ್ಸಿನ ಮ್ಯೂಸಿಯಂ ಪ್ರೊಫೆಸರರ ಪತ್ರ ನನಗೆ ಬಾಯಿಪಾಠವಾಗಿದೆ. ಹೊಳೆಯಲ್ಲಿ ತೇಲಿಬಂದ ಕಾಯಿಯನ್ನೂ, ಯಾರೋ ದೋಣಿಗೆಂದು ಕಡಿದುರುಳಿಸಿದ ಮರದ ಎಲೆಯನ್ನೂ ಹೋದ ವರ್ಷ ಮ್ಯೂಸಿಯಂಗೆ ಕಳಿಸಿ, ಇದು ಜಗತ್ತು ಕಾಣದ ಹೊಸ ಸಸ್ಯಕುಲ ಎಂದು ಬರೆದಿದ್ದೆ. ಅದಕ್ಕೆ ಅವರ ಉತ್ತರ: 'ಎರಡೂ ಒಂದೇ ಮರದವೆಂದು ನಂಬುವುದು ಕಷ್ಟ. ಹೂವಿಲ್ಲದ ಮರಕ್ಕೆ ಹೆಸರಿಡುವ ಪದ್ಧತಿ ಇಲ್ಲಿಲ್ಲ. ಈ ವರ್ಷದ ಕೊನೆಯ ಹಡಗಿಗೆ ಹೂ ಬಾರದಿದ್ದರೆ ಅದೇ ಹಡಗಿನಲ್ಲಿ ತಾವು ಹೊರಟು ಬರುವುದು.' ಹೊರಟು ಹೋಗಿ ಮಾಡುವುದೇನು? ಲೋರಿಯಾಂ ಬಂದರಿನಲ್ಲಿ ಭಾವನ ಹಗ್ಗದ ಅಂಗಡಿ ಇದೆ. ಅಲ್ಲಿ ಕೂತು ಹಗ್ಗ ಮಾರುವುದಕ್ಕಿಂತ ಅದೇ ಹಗ್ಗಕ್ಕೆ ಕೊರಳು ಕೊಡುವುದು ವಾಸಿ.

ಈಗ ಮರವೇನೋ ಸಿಕ್ಕಿತು, ಆದರೆ ಅದು ನಿಂತಿರುವುದು ಊರಿನ ಸಮಾಧಿವನದಲ್ಲಿ. ಊರ ಹಿರಿಯ ಬೆತುಂಬು ಕೆಂಪು ಕೋಲು ಹಿಡಿದು ಓಡಾಡುವ, ಹಲ್ಲಿಲ್ಲದ, ನಗಲೊಲ್ಲದ ಮುದುಕ. ಹತ್ತಲಾಗದ ಮರವಾದರೆ ಕೋವಿಯಿಂದ ಹೊಡೆದು ಕೊಂಬೆ ಬೀಳಿಸುವುದು ನನ್ನ ರೂಢಿ ಎಂದು ಅವನಿಗೆ ಹೇಳಿದೆ.

"ಅದರ ಬುಡದಲ್ಲಿ ಯಾರಿದಾರೆ ಗೊತ್ತಾ, ವಜಾಹಾ?" ಅಂದ. ಬಿಳಿಯರನ್ನೆಲ್ಲ ಇವರು ಕರೆಯುವುದೇ ಹಾಗೆ.

"ಗೊತ್ತು. ನಿಮ್ಮ ಸತ್ತವರು."

"ಮತ್ತೆ? ನಿಮ್ಮ ದೇಶದಲ್ಲಿ ಮಲಗಿರೋರ ಮನೆ ಸೂರಿಗೆ ಕೋವಿ ಹೊಡೀತಾರಾ?"

ಹತ್ತುವ ಹಾಗಿಲ್ಲ, ಕಡಿಯುವ ಹಾಗಿಲ್ಲ. ಹಾಗಾದರೆ ಉದುರಿದ್ದನ್ನಾದರೂ ಆಯ್ದುಕೊಳ್ಳುತ್ತೇನೆ ಅಂದೆ.

"ನೆಲಕ್ಕೆ ಬಿದ್ದದ್ದು ಅವರದು. ಅದನ್ನೆತ್ತಿದರೆ ಕಳ್ಳತನ. ನಿನ್ನ ಮೈಮೇಲೆ ಬಿದ್ದರೆ ನಿನ್ನದು, ಅದು ಅವರಾಗಿ ಕೊಟ್ಟದ್ದು. ಬೇಕಾದರೆ ಹೋಗಿ ಕೂತ್ಕೋ, ಯಾರು ಬೇಡ ಅಂದ್ರು?"

ಸುತ್ತಲ ಯಾವ ಊರಿನಲ್ಲೂ ಈ ಕಟ್ಟಳೆ ಇಲ್ಲ, ಈ ಊರಿಗೆ ಮಾತ್ರ ಇದೆ. ನನ್ನ ಹಣೆಬರಹವೇ ಹಾಗೆ. ಸತ್ತವರಂತೆ, ಅವರು ಕೊಡುತ್ತಾರಂತೆ.

ನವೆಂಬರ್ 4

ವೆಲುಂಜಾರ ಎಂಬ ವಿಧವೆಯ ಮನೆಯಲ್ಲಿ ಬಿಡಾರ. ಬಾಯಿ ಬಹಳ ಜೋರು. ಅವಳ ಗಂಡ ತುತುಜಾಫಿ ಸತ್ತು ವರ್ಷವಾಯಿತು, ಅವನ ಸಮಾಧಿ ಬೆಳ್ಳಿಮರಕ್ಕೆ ಒತ್ತಿಕೊಂಡೇ ಇದೆ. ಯಾರ ಮನೆಯ ಅನ್ನ ಉಣ್ಣುತ್ತಾನೋ ಅವರ ಸತ್ತವರ ಪಕ್ಕದಲ್ಲೇ ಕೂರಬೇಕೆಂದು ಬೆತುಂಬು ನನಗೆ ಜಾಗ ತೋರಿಸಿದ. ಹೀಗಾಗಿ ಬೆಳಗಿನಿಂದ ತುತುಜಾಫಿಯ ಪಕ್ಕ ಕೂತಿದ್ದೆ. ಮೊಗ್ಗು ಇನ್ನೂ ಒಡೆದಿಲ್ಲ.

"ಏನು ಕೊಟ್ಟ?" ಅಂದಳು, ಸಂಜೆ ಬಂದಾಗ.

"ಇರುವೆ."

"ಬದುಕಿದ್ದಾಗಲೂ ಅಷ್ಟೇ ಕಣಪ್ಪ. ಏನೇ ಕೇಳಿದ್ರೂ ಮೊದಲು ಇಲ್ಲ ಅಂತಲೇ ಅನ್ನೋನು. ಇಲ್ಲ ಅಂದ್ರೆ ಕೊಡ್ತಾನೆ ಅಂತ ನನಗೆ ಅರ್ಥ ಆಗೋದಕ್ಕೆ ಒಂದು ಮಗು ಹುಟ್ಟಬೇಕಾಯ್ತು."

ನವೆಂಬರ್ 9

ಮಳೆ. ಇರುವೆ. ಬೆನ್ನು ನೋವು. ಏನೂ ಇಲ್ಲ.

ನವೆಂಬರ್ 13

ಮೊದಲ ಹೂಗಳು ಅರಳಿವೆ. ಕೆಳಗಿನಿಂದ ಬಿಳಿ ಚುಕ್ಕೆಗಳು ಕಾಣುತ್ತವೆ, ಅಷ್ಟೇ. ನನಗೂ ಬುದ್ಧಿ ಇದೆಯಲ್ಲ. ಎರಡು ದೊಡ್ಡ ಚಾಪೆಗಳನ್ನು ಗೂಟಗಳಿಗೆ ಕಟ್ಟಿ ನನ್ನ ತಲೆಯ ಮೇಲೆ ಚಪ್ಪರ ಹಾಕಿದೆ. ಚಾಪೆಯ ಮೂಲೆ ನನ್ನ ಭುಜಕ್ಕೆ ತಾಗಿದೆ, ಆದ್ದರಿಂದ ಇದೂ ನನ್ನ ಮೈಯೇ ಎಂದು ವಾದಿಸಿದೆ. ಅರ್ಧ ಊರು ನೋಡಲು ಬಂತು.

ಬೆತುಂಬು ಚಾಪೆಯನ್ನು ಕೋಲಿನಿಂದ ತಟ್ಟಿದ. "ಇದಕ್ಕೆ ಹಸಿವಾಗುತ್ತಾ?"

"ಇಲ್ಲ."

"ನಿನಗೆ ಆಗುತ್ತಾ?"

"ಆಗುತ್ತೆ."

"ಹಾಗಾದ್ರೆ ನೀನು ಬೇರೆ, ಇದು ಬೇರೆ. ಚಾಪೆ ಮೇಲೆ ಬಿದ್ದದ್ದು ಚಾಪೆಗೆ. ಬಿಚ್ಚು."

ಅವನೊಬ್ಬನನ್ನು ಬಿಟ್ಟು ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ವಿದ್ವತ್ಸಭೆಗಳ ಸದಸ್ಯ ನಾನು.

ನವೆಂಬರ್ 17

ಕೊಟ್ಟ. ಕೊಟ್ಟ ಅಂದರೆ ಬಿತ್ತು. ಮೊಣಕಾಲಿನ ಮೇಲೆ, ಬೆಳಗಿನ ಹೊತ್ತು, ಬೆರಳುದ್ದದ ಬಿಳಿ ಕೊಳವೆ, ಹೊರಗೆಲ್ಲ ಬೆಳ್ಳಿಯ ನವಿರು. ಎತ್ತಿಕೊಂಡೆ. ಆಮೇಲೆ ನೋಡಿದರೆ ಬರೀ ದಳಗಳು. ತೊಟ್ಟಿಲ್ಲ, ಬಟ್ಟಲಿಲ್ಲ, ಕಾಯಿ ಕಟ್ಟುವ ಗರ್ಭವಿಲ್ಲ. ಈ ಹೂವಿನ ಗುಣವೇ ಅದು, ಬಾಡಿದಾಗ ದಳವನ್ನಷ್ಟೇ ಉದುರಿಸಿ ಉಳಿದದ್ದನ್ನು ಮೇಲೆಯೇ ಇಟ್ಟುಕೊಳ್ಳುತ್ತದೆ. ಅಂಗಿ ಸಿಕ್ಕಿತು, ಆಸಾಮಿ ಸಿಗಲಿಲ್ಲ. ಪ್ರೊಫೆಸರರಿಗೆ ಬೇಕಾದದ್ದು ಆಸಾಮಿ. ಎಲೆ, ಹೂ, ಎಳೆಗಾಯಿ ಮೂರೂ ಒಂದೇ ಕಡ್ಡಿಯ ಮೇಲೆ ಇದ್ದರೆ ಮಾತ್ರ ಅವರ ಬಾಯಿ ಮುಚ್ಚುತ್ತದೆ.

ವೆಲುಂಜಾರ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು. "ಅವನು ದೋಣಿ ಕೆತ್ತೋನು. ಈ ಜಾತಿ ಮರಾನ ಈ ಹೊಳೆ ಪೂರ್ತಿ ಕಡಿದು ಮುಗಿಸಿದ. ಇದೊಂದನ್ನ ಮಾತ್ರ ಮುಟ್ಟಲಿಲ್ಲ. ಇದರ ಕೆಳಗೇ ಮಲಗಿಸು ಅಂದ" ಎಂದಳು. ಅಂದರೆ ನಾನು ಹೋದ ವರ್ಷ ಎಲೆ ಕಿತ್ತದ್ದು ಇವನು ಕಡಿದ ಮರದಿಂದಲೇ ಇರಬೇಕು.

ನವೆಂಬರ್ 25

ಇವತ್ತು ಬರೆಯಲು ಬಹಳ ಇದೆ. ಹೂವಿಗೆ ಬರುವವರು ಯಾರು ಎಂದು ಗೊತ್ತಾಯಿತು. ದುಂಬಿಯಲ್ಲ, ಹಕ್ಕಿಯಲ್ಲ. ಕಪ್ಪುಬಿಳಿ ತುಪ್ಪಳದ, ನಾಯಿಮೂತಿಯ ಲೀಮರ್‌ಗಳು. ಇಡೀ ಒಂದು ಸಂಸಾರ ಬೆಳಗಾಗುತ್ತಲೇ ಬಂದು ತಲೆಕೆಳಗಾಗಿ ಜೋತು, ಕೊಳವೆಯೊಳಗೆ ಮೂತಿ ತೂರಿಸಿ ಮಕರಂದ ನೆಕ್ಕುತ್ತದೆ. ಮೂತಿಯೆಲ್ಲ ಹಳದಿ ಪರಾಗ. ಹೂವನ್ನು ಹರಿಯುವುದಿಲ್ಲ, ಎರಡು ಕೈಯಲ್ಲಿ ಹಿಡಿದು ಕುಡಿದು ಬಿಟ್ಟುಬಿಡುತ್ತವೆ. ಒಂದು ಹೆಣ್ಣು ಇದೆ, ಸಿಡುಕಿ, ತಾನು ಕುಡಿಯುವವರೆಗೆ ಗಂಡನ್ನು ಹತ್ತಿರ ಸೇರಿಸುವುದಿಲ್ಲ. ಗಂಡು ಬಡಪಾಯಿ, ಪಕ್ಕದ ಕೊಂಬೆಯಲ್ಲಿ ಕೂತು ಆಕಾಶ ನೋಡುತ್ತದೆ. ಎಷ್ಟು ನಕ್ಕೆನೋ. ಮರದ ಹೂವಿಗೆ ಹೀಗೆ ಇಷ್ಟು ದೊಡ್ಡ ಪ್ರಾಣಿ ಬರುವುದನ್ನು ನಾನೆಲ್ಲೂ ಓದಿಲ್ಲ.

ಈ ಹೆಣ್ಣಿನ ತೊಗಲು ಮ್ಯೂಸಿಯಂನಲ್ಲಿ ಇದ್ದರೆ ಚೆನ್ನಿತ್ತು. ಆದರೆ ಕೋವಿ ಮನೆಯಲ್ಲೇ ಉಳಿಯಿತು. ಒಯ್ಯಲು ಭಾರ. ನಾಲ್ಕೈದು ದಿನಗಳಿಂದ ಒಯ್ದೇ ಇಲ್ಲವೆಂದು ಕಾಣುತ್ತದೆ.

ಬೆಳಗ್ಗೆ ಬರುವಾಗ ವನದ ಬಾಯಲ್ಲಿ ಟೋಪಿ ತೆಗೆದೆ. ಇಲ್ಲಿ ಎಲ್ಲರೂ ತೆಗೆಯುತ್ತಾರೆ, ಅದಕ್ಕೇ ಇರಬೇಕು.

ಡಿಸೆಂಬರ್ 1

ಬೆಕ್ಕು ಹಾಲಿನ ವಾಸನೆ ಹಿಡಿದು ಬಂತು. ಬರ್ಜಾಸ್. ಯುರೋಪಿನ ಶ್ರೀಮಂತರ ತೋಟಗಳಿಗೆ ಗಿಡ, ಬೀಜ, ಆರ್ಕಿಡ್ ಮಾರುವವನು. ಯಾವ ಕಾಡಿಗೆ ಹೋದರೂ ಬೆನ್ನ ಹಿಂದೆ ಏನನ್ನೂ ಉಳಿಸದವನು. ಹೊರೆಯಾಳುಗಳ ಸಾಲು, ಮಡಚುವ ಮೇಜು, ಕುರ್ಚಿ, ಕೊಡೆ, ಜೊತೆಗೆ ಕರಾವಳಿಯ ಅಧಿಕಾರಿಯಿಂದ ಮುದ್ರೆ ಹಾಕಿದ ಅಪ್ಪಣೆ. ಯಾವ ಮರವನ್ನಾದರೂ ಕಡಿಯಬಹುದಂತೆ.

"ಲೆಗೆರಿಕ್, ನೀನೂ ಬೇರು ಬಿಟ್ಟಿದೀಯಲ್ಲೋ ಇಲ್ಲಿ. ಯಾವಾಗ ಚಿಗುರ್ತೀಯ?" ಅಂದ, ನಾನು ಕೂತದ್ದನ್ನು ನೋಡಿ.

ಬೆತುಂಬು ಅಪ್ಪಣೆಯ ಕಾಗದವನ್ನು ಮರ್ಯಾದೆಯಿಂದಲೇ ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು ನೋಡಿ, ವಾಪಸು ಕೊಟ್ಟ. "ಇದು ನಮಗೆ ಬಂದ ಅಪ್ಪಣೆ. ನಾವು ಒಪ್ಪಿದ್ವಿ. ಅವರಿಗೆ ಬಂದಿದ್ದು ಎಲ್ಲಿದೆ?" ಎಂದು ಸಮಾಧಿಗಳ ಕಡೆ ಕೋಲು ತೋರಿಸಿದ. ಬರ್ಜಾಸನ ಹೊರೆಯಾಳುಗಳು ಇದೇ ಸೀಮೆಯವರು. ಕೊಡಲಿಯನ್ನು ನೆಲದ ಮೇಲಿಟ್ಟು ಗದ್ದೆಯ ಕಡೆ ನಡೆದರು. ಅವನೂ ಕೂರಬೇಕಾಯಿತು.

ಡಿಸೆಂಬರ್ 4

ಇಬ್ಬರು ಫ್ರೆಂಚರು ಒಂದು ಮರದ ಕೆಳಗೆ, ಬೆನ್ನಿಗೆ ಬೆನ್ನು. ಅವನು ಕುರ್ಚಿಯಲ್ಲಿ, ಕೊಡೆಯ ಕೆಳಗೆ. ಈ ಊರಿನಲ್ಲಿ ಈಗ ಬೇರೆ ಮನರಂಜನೆ ಬೇಕಾಗಿಲ್ಲ, ಹೆಂಗಸರು ಭತ್ತ ಕುಟ್ಟುವುದನ್ನೂ ಇಲ್ಲಿಗೇ ತಂದಿದ್ದಾರೆ.

ಇವತ್ತು ಬರ್ಜಾಸನ ಕೊಡೆಯ ಮೇಲೆ ಬಿತ್ತು. ಅದೂ ತೊಟ್ಟು ಸಮೇತ ಇಡೀ ಹೂವು. ಲೀಮರ್‌ಗಳ ಜಗಳದಲ್ಲಿ ಕಿತ್ತು ಬಿದ್ದದ್ದು. ನನ್ನ ಎದೆ ಒಡೆಯಿತು. ಅವನು ಕೈಚಾಚುವ ಮೊದಲೇ ವೆಲುಂಜಾರ ಒನಕೆ ಹಿಡಿದು ಎದ್ದು ನಿಂತಳು.

"ಮುಟ್ಟಬೇಡ. ಅದು ಕೊಡೆಯದು."

"ಕೊಡೆ ನನ್ನದಮ್ಮ."

"ನಿನ್ನದೇ. ಮಳೆ ಬಂದಾಗ ಒದ್ದೆಯಾಗೋದು ಅದೋ ನೀನೋ?"

"ಅದು."

"ಅದಕ್ಕೇ, ಹೂವೂ ಅದಕ್ಕೇ."

ಬರ್ಜಾಸ್ ಸಿಟ್ಟಿನಿಂದ ಕೊಡೆ ಕೊಡವಿದ. ಹೂವು ನೆಲಕ್ಕೆ ಬಿತ್ತು. ಇನ್ನು ಅದು ಯಾರ ಕೈಗೂ ಇಲ್ಲ. ನನ್ನ ಪಾದದಿಂದ ಒಂದು ಮೊಳ ದೂರದಲ್ಲಿ ಸಂಜೆಯವರೆಗೂ ಬಾಡುತ್ತ ಬಿದ್ದಿತ್ತು. ಯಾರೂ ನೋಡದಾಗ ಎತ್ತಿಕೊಳ್ಳಬಹುದಿತ್ತು. ಬಗ್ಗಿ ಕೂತಲ್ಲಿಂದಲೇ ಚಿತ್ರ ಬರೆದುಕೊಂಡೆ. ಬೆಳಕು ಚೆನ್ನಾಗಿತ್ತು.

ಡಿಸೆಂಬರ್ 7

ಬರ್ಜಾಸ್ ನನ್ನ ಬಳಿ ಬಂದು ಕುಕ್ಕರಗಾಲಲ್ಲಿ ಕೂತ. "ನೋಡು, ಇವರು ಕಡಿಯಲ್ಲ. ನಮಗೂ ಕೈಯಿವೆ. ನಾಳೆ ಊರೆಲ್ಲ ನಾಟಿಗೆ ಹೋಗುತ್ತೆ. ನೀನೊಂದು ಕಡೆ, ನಾನೊಂದು ಕಡೆ, ಮಧ್ಯಾಹ್ನದೊಳಗೆ ಮರ ನೆಲದ ಮೇಲೆ. ಬೀಜ ನನಗೆ, ಹೆಸರು ನಿನಗೆ. ಹಡಗಿಗೆ ಎಷ್ಟು ದಿನ ಉಳಿದಿದೆ ಗೊತ್ತಲ್ಲ?"

ಗೊತ್ತು. ಅದನ್ನೇ ಎಣಿಸುತ್ತ ಎದ್ದಿದ್ದೆ.

ಇಲ್ಲ ಅಂದೆ. ಕಾರಣ ಕೇಳಿದ. ಎಲೆ, ಹೂ ಒಣಗಿಸುವ ನಿನ್ನ ಒತ್ತುಕಾಗದಗಳು ಕೊಳಕಾಗಿವೆ, ನಿನ್ನ ಜೊತೆ ಕೆಲಸ ಮಾಡಲಾರೆ ಅಂದೆ. ಅವು ನಿಜವಾಗಿಯೂ ಕೊಳಕಾಗಿವೆ.

ಡಿಸೆಂಬರ್ 8

ಊರು ನಾಟಿಗೆ ಹೋಯಿತು. ಬರ್ಜಾಸ್ ಕೊಡಲಿ ಹಿಡಿದು ಬಂದ. ನಾನು ನನ್ನ ಜಾಗದಲ್ಲಿದ್ದೆ, ಬೆನ್ನು ಕಾಂಡಕ್ಕೆ ಕೊಟ್ಟು.

"ಏಳು."

"ನಾನು ಕೂರೋ ಹೊತ್ತು ಇದು."

"ಲೆಗೆರಿಕ್, ತಮಾಷೆ ಸಾಕು. ಹಗ್ಗದ ಅಂಗಡಿಗೆ ಹೋಗ್ತೀಯ ನೀನು."

"ಹೋಗ್ತೀನಿ. ಈಗ ಕೂತಿದೀನಿ."

ಅವನು ಎಡಕ್ಕೆ ಹೋದರೆ ನಾನೂ ಎಡಕ್ಕೆ ಸರಿದೆ, ಬಲಕ್ಕೆ ಹೋದರೆ ಬಲಕ್ಕೆ. ಇಬ್ಬರು ಮುದುಕರು ಕಂಬದಾಟ ಆಡಿದ ಹಾಗೆ ಒಂದಿಡೀ ಬೆಳಗು ಆಡಿದೆವು. ಕೊನೆಗೆ ಅವನಿಗೇ ನಗು ಬಂತು. ಕೊಡಲಿ ಎಸೆದು, ಇಬ್ಬರಿಗೂ ಒಂದೊಂದು ಲೋಟ ಬ್ರಾಂದಿ ಸುರಿದ. ಕುಡಿಯುವ ಮೊದಲು ಒಂದು ಗುಟುಕನ್ನು ತುತುಜಾಫಿಯ ಕಡೆ ಚೆಲ್ಲಿದೆ. ಬರ್ಜಾಸ್ ನನ್ನನ್ನು ವಿಚಿತ್ರವಾಗಿ ನೋಡಿದ. ಏಕೋ ಗೊತ್ತಾಗಲಿಲ್ಲ.

ಡಿಸೆಂಬರ್ 12

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೊಟ್ಟ. ಕೊಟ್ಟ. ಕೊಟ್ಟ.

ಡಿಸೆಂಬರ್ 13

ಇವತ್ತು ವೆಲುಂಜಾರ ಗೋಡೆಗೆ ಒರಗಿಸಿ ಕೂರಿಸಿದ್ದಾಳೆ. ನಿನ್ನೆ ನಡೆದದ್ದನ್ನು ಬರೆದಿಡಬೇಕು.

ಬೆಳಗ್ಗೆಯೇ ಸಮುದ್ರದ ಕಡೆ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಬಿರುಗಾಳಿ ಬರುತ್ತದೆ, ಒಳಗೆ ಬಾ ಎಂದು ಬೆತುಂಬುವೇ ಬಂದು ಕರೆದ. ಬರ್ಜಾಸ್ ಕುರ್ಚಿ ಮಡಚಿಕೊಂಡು ಓಡಿದ, ಕೊಡೆ ಹಾರಿಹೋಯಿತು. ನಾನು ಏಳಲಿಲ್ಲ. ಗಾಳಿಗೆ ಏನಾದರೂ ಬಿದ್ದರೆ ಆಗಲೇ ಬೀಳಬೇಕು, ಇನ್ನು ನನಗೆ ದಿನಗಳಿಲ್ಲ.

"ಕೊಂಬೆ ಬಿದ್ರೆ ಸಾಯ್ತೀಯ" ಅಂದ ಬೆತುಂಬು.

"ಸತ್ತರೆ ಇಲ್ಲೇ ಜಾಗ ಕೊಡ್ತೀರಾ?"

ಮುದುಕ ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೋದ.

ಆಮೇಲಿನದು ನೀರು ಮತ್ತು ಶಬ್ದ. ಮರ ನನ್ನ ಬೆನ್ನಿಗೆ ಒತ್ತಿಕೊಂಡು ತೂಗಾಡುವುದು ತಿಳಿಯುತ್ತಿತ್ತು. ಕಣ್ಣು ಮುಚ್ಚಿಕೊಂಡು ಗಟ್ಟಿಯಾಗಿ ಕೂಗಿದೆ, ಫ್ರೆಂಚಿನಲ್ಲಲ್ಲ, ಇವರ ಮಾತಿನಲ್ಲಿ: ತುತುಜಾಫಿ, ಕೊಡುವುದಾದರೆ ಕೊಡು ಮಾರಾಯ, ನಿನ್ನ ಹೆಂಡತಿಯ ಅನ್ನ ಖರ್ಚಾಗುತ್ತಿದೆ. ಕೂಗು ಮುಗಿಯುವುದರೊಳಗೆ ಭುಜದ ಮೇಲೆ ಏನೋ ಬಂದು ಅಪ್ಪಳಿಸಿತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಅಲ್ಲಾಡಲಿಲ್ಲ. ಅಲ್ಲಾಡಿದರೆ ಜಾರಿ ನೆಲಕ್ಕೆ ಬೀಳುತ್ತದೆ. ಎಡಗೈಯಿಂದ ತಬ್ಬಿ ಹಿಡಿದೆ. ಕೈಯುದ್ದದ ಕೊಂಬೆ. ಎಲೆ ಇತ್ತು, ಮೊಗ್ಗಿತ್ತು, ಅರಳಿದ ಹೂ ಇತ್ತು, ಹೂವಿನ ಪಕ್ಕದಲ್ಲೇ ದಳ ಉದುರಿಸಿದ ಎಳೆಗಾಯಿ ಇತ್ತು. ಎಲ್ಲ ಒಂದೇ ಕಡ್ಡಿಯ ಮೇಲೆ. ಗಾಳಿಗಿಂತ ಜೋರಾಗಿ ಅತ್ತೆ.

ಊರೊಳಗೆ ಹೇಗೆ ಬಂದೆನೋ ಗೊತ್ತಿಲ್ಲ. ಹಾಡುತ್ತ ಬಂದೆನಂತೆ. ವೆಲುಂಜಾರ ಭುಜಕ್ಕೆ ಬಿದಿರು ಕಟ್ಟಿದಳು. ಕಾಗದವೆಲ್ಲ ಒದ್ದೆ, ಬಿಸಿಲಿಲ್ಲ, ಕೊಂಬೆ ಕೊಳೆತರೆ ಮುಗಿಯಿತು. ಆಗ ಒಬ್ಬೊಬ್ಬರಾಗಿ ಬಂದರು. ಪ್ರತಿಯೊಂದು ಮನೆಯಿಂದಲೂ ಒಣಗಿದ ಮೇಲ್ಹೊದಿಕೆ. ಹಬ್ಬಕ್ಕೆ ಹೊದೆಯುವ ಪಟ್ಟೆಯವು ಕೂಡ. ಒಲೆಯ ಮೇಲಿನ ಅಟ್ಟದಲ್ಲಿ ಕೊಂಬೆಯನ್ನು ಅವುಗಳ ನಡುವೆ ಇಟ್ಟು, ಕಲ್ಲು ಹೇರಿ, ಸರದಿಯಲ್ಲಿ ಬದಲಾಯಿಸುತ್ತಿದ್ದಾರೆ. ನಾನು ಮಲಗಿದಲ್ಲಿಂದ ಬೈಯುವುದು, ಅವರು ಸೀದ ಅನ್ನದ ನೀರನ್ನು ನನ್ನ ಬಾಯಿಗೆ ಸುರಿದು ಸುಮ್ಮನಾಗಿಸುವುದು. ಹೂವಿನ ಬಿಳುಪು ಚೂರೂ ಕಂದಿಲ್ಲ.

ಡಿಸೆಂಬರ್ 17

ಕೊಂಬೆಯ ಹಾಳೆಗೆ ಅಂಟಿಸುವ ಚೀಟಿ ಬರೆದೆ. ಚೀಟಿಯಲ್ಲಿ ಸುಳ್ಳಿರಬಾರದು, ಅದು ನಮ್ಮ ಕಸುಬಿನ ಮೊದಲ ಪಾಠ. ಊರು, ದಿನ, ಮರದ ಎತ್ತರ ಬರೆದು, 'ಕಿತ್ತವರು' ಎಂಬಲ್ಲಿ ನಿಂತೆ. ನಾನು ಕಿತ್ತಿಲ್ಲ. ಆ ಸಾಲನ್ನು ಹೊಡೆದುಹಾಕಿ 'ದಾನಿಗಳು' ಎಂದು ಮಾಡಿ ತುತುಜಾಫಿ, ಅಂಬುದಿವೇಲು ಎಂದು ಬರೆದೆ. ಸರಿಯಾಗಿದೆ.

ಹೊಳೆ ಉಕ್ಕಿದೆ, ನನಗೆ ನಡೆಯಲಾಗದು. ಹಡಗು ಹೊರಡುವುದರೊಳಗೆ ತಮತಾವ್ ಬಂದರಿಗೆ ಹೋಗುತ್ತಿರುವುದು ಬರ್ಜಾಸ್ ಒಬ್ಬನೇ. ಪೆಟ್ಟಿಗೆಯನ್ನು ಅವನ ಕೈಗೇ ಕೊಟ್ಟೆ. ಕುರಿ ಕಾಯಲು ತೋಳನನ್ನು ಇಟ್ಟ ಹಾಗಾಯಿತು ಎಂದು ಬೆತುಂಬು ಮುಖದ ಮೇಲೆಯೇ ಹೇಳಿದ.

ಬರ್ಜಾಸ್ ನಗಲಿಲ್ಲ. "ಕಾಡಿನಲ್ಲಿ ನಾನು ಕಳ್ಳ. ಟಪಾಲಿನಲ್ಲಿ ಅಲ್ಲ" ಅಂದ.

ಫೆಬ್ರವರಿ 20, 1875

ಸುದ್ದಿ ಇಲ್ಲ. ಕೊಂಬೆಯ ಮೇಲೆ ಬರ್ಜಾಸನ ಹೆಸರು ಕೂತಿರಬಹುದು. ಭುಜ ಕೂಡಿದೆ, ಮಳೆ ಬಂದರೆ ನೋಯುತ್ತದೆ. ಕಾಯಿ ಮಾಗಿವೆ. ಬೀಜಗಳು ಮೂರು ನನ್ನ ಮೈಮೇಲೆ, ಒಂದು ವೆಲುಂಜಾರಳ ಮೇಲೆ ಬಿದ್ದವು. ಹೊಳೆಯ ದಡದಲ್ಲಿ ಇಬ್ಬರೂ ನೆಟ್ಟೆವು.

ಮೇ 30

ಬೆಳ್ಳಿಮೊಳಕೆಗೆ ಎರಡನೆಯ ಎಲೆ. ಸಿಡುಕಿ ಲೀಮರ್ ಮರಿ ಹಾಕಿದೆ, ಅವಳಿ.

ಜೂನ್ 19

ಗೆದ್ದೆ.

ಪತ್ರಿಕೆ ಬಂದಿದೆ, ಅಚ್ಚಾಗಿ. ಹೊಸ ಕುಲ, ಹೊಸ ಜಾತಿ. ಹಾಜುವೂಲ ಎಂಬ ಹೆಸರು ಲ್ಯಾಟಿನ್ನಿನ ಅಂಗಿ ತೊಟ್ಟು ನಿಂತಿದೆ, ಅದರ ಮುಂದೆ, ಹೆಸರಿಟ್ಟವನೆಂದು, ಲೆಗೆರಿಕ್. ಬರ್ಜಾಸ್ ಪೆಟ್ಟಿಗೆಯನ್ನು ಸ್ವತಃ ಪ್ಯಾರಿಸ್‌ವರೆಗೆ ಒಯ್ದು ಕೊಟ್ಟನಂತೆ, ದಾರಿಯುದ್ದಕ್ಕೂ ಪಕ್ಕದಲ್ಲಿಟ್ಟುಕೊಂಡು. ಅವನ ಬಗ್ಗೆ ಅಂದುಕೊಂಡದ್ದನ್ನೆಲ್ಲ ವಾಪಸು ತೆಗೆದುಕೊಂಡೆ, ಒತ್ತುಕಾಗದಗಳ ಮಾತೊಂದನ್ನು ಬಿಟ್ಟು. ಪ್ರೊಫೆಸರರು ಬರೆದಿದ್ದಾರೆ: 'ಇಷ್ಟು ಪರಿಪೂರ್ಣವಾದ ಮಾದರಿ ನಮ್ಮಲ್ಲಿಗೆ ಬಂದು ಎಷ್ಟೋ ಕಾಲವಾಯಿತು. ನನ್ನ ಅನುಮಾನಕ್ಕೆ ನಾಚುತ್ತೇನೆ.' ಮ್ಯೂಸಿಯಂನಲ್ಲಿ ನನಗೊಂದು ಹುದ್ದೆ ಕಾದಿದೆಯಂತೆ. ಕುಣಿದುಬಿಟ್ಟೆ. ಬೆತುಂಬುವನ್ನೂ ಹಿಡಿದು ಕುಣಿಸಿದೆ.

ಪತ್ರದ ಕೊನೆಯಲ್ಲಿ ಇನ್ನೊಂದು ವಿಷಯವಿತ್ತು. ಇಂಥ ಉದಾರ ದಾನಿಗೆ ಮ್ಯೂಸಿಯಂ ಈ ಪತ್ರದ ಜೊತೆಗೇ ಕಂಚಿನ ಪದಕವೊಂದನ್ನು ಕಳಿಸಿದೆ. ಮೊಸ್ಯು ತುತುಜಾಫಿಯವರ ವೃತ್ತಿ ಮತ್ತು ಖಾಯಂ ವಿಳಾಸವನ್ನು ದಯವಿಟ್ಟು ತಿಳಿಸಬೇಕು, ದಾನಿಗಳ ಗೋಡೆಯ ಮೇಲೆ ಕೆತ್ತಿಸಬೇಕಾಗಿದೆ.

ಜೂನ್ 21

ಪದಕವನ್ನು ವನಕ್ಕೆ ಒಯ್ದೆವು, ಇಡೀ ಊರು. ಬೆತುಂಬು ರಮ್ ಸುರಿದ. ನಾನು ಪತ್ರವನ್ನು ಗಟ್ಟಿಯಾಗಿ ಓದಿ ಇವರ ಮಾತಿನಲ್ಲಿ ಹೇಳಿದೆ. 'ಫ್ರಾನ್ಸ್ ದೇಶ ತಮಗೆ ಕೃತಜ್ಞವಾಗಿದೆ' ಎಂಬಲ್ಲಿಗೆ ಬಂದಾಗ ವೆಲುಂಜಾರ ನನ್ನ ಕೈಯಿಂದ ಪದಕ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ಸಮಾಧಿಯ ಮೇಲಿಟ್ಟಳು. 

"ಕೇಳಿಸ್ತಾ? ಬೇರೆ ದೇಶದೋರಿಗೂ ಗೊತ್ತಾಯ್ತು ನೀನು ಕೊಡೋನು ಅಂತ" ಅಂದಳು. ಅಳುತ್ತಿದ್ದಳು, ಮುಖ ಮಾತ್ರ ಗೆದ್ದವಳದಾಗಿತ್ತು.

ಮಧ್ಯಾಹ್ನ ಉತ್ತರ ಬರೆಯಲು ಕೂತೆ. ಅವಳು ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದಳು.

"ಕಸುಬು ಏನು ಅಂತ ಬರೀಲಿ?"

"ದೋಣಿ ಕೆತ್ತೋನು ಅಂತ ಬರಿ. ಒಳ್ಳೇ ದೋಣಿ ಅಂತ ಬರಿ."

"ವಿಳಾಸ?"

"ಅದನ್ನೂ ಕೇಳ್ತೀಯಲ್ಲ. ಅಂಬುದಿವೇಲು, ಬೆಳ್ಳಿಮರದ ಕೆಳಗೆ. ಇನ್ನೆಲ್ಲಿಗೆ ಹೋಗ್ತಾನೆ ಅವನು?"

ಹಾಗೇ ಬರೆದೆ. ಹುದ್ದೆಯ ವಿಷಯಕ್ಕೆ, ಈ ವರ್ಷದ ಹೂ ನೋಡಬೇಕಾಗಿದೆ, ಅವಳಿ ಮರಿಗಳು ಕುಡಿಯಲು ಕಲಿಯುವುದನ್ನೂ ನೋಡಬೇಕಾಗಿದೆ, ಆದ್ದರಿಂದ ಸದ್ಯಕ್ಕೆ ಸಾಧ್ಯವಿಲ್ಲ ಎಂದು ಎರಡು ಸಾಲು ಬರೆದೆ. ಕೆಳಗೆ ರುಜು ಹಾಕಿ, ನನ್ನ ವಿಳಾಸವನ್ನೂ ಬರೆಯಬೇಕಾಗಿತ್ತು. ಮೇಲಿನದೇ, ಎಂದು ಬರೆದೆ.